ಪಡಸಾಲೆಯ ಬಿಳಿ ಗೆರೆ

ನಮ್ಮ ಮನೆಯ ನೆಲ ಕಪ್ಪು. ಸಿಂದಗಿಯ ನಮ್ಮ ಓಣಿಯಲ್ಲಿ ಆಗಲೇ ಎರಡು ಮೂರು ಮನೆಯವರು ಬಿಳಿ ಟೈಲ್ಸ್ ಹಾಕಿಸಿಕೊಂಡು, ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲು ನೆಲ ತೋರಿಸುತ್ತಿದ್ದರು. ನಮ್ಮದು ಮಾತ್ರ ಅಜ್ಜನ ಕಾಲದ ಪರ್ಸಿ ಕಲ್ಲು, ನಮ್ಮ ಕಡೆಯ ಚಪ್ಪಟೆ ಹಾಸುಗಲ್ಲು. ತುಳಿದು ತುಳಿದು, ಒರೆಸಿ ಒರೆಸಿ, ಎಣ್ಣೆ ಹಚ್ಚಿದ ಹಂಚಿನಂತೆ ಕಪ್ಪಗೆ ಹೊಳೆಯುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಒದ್ದೆ ಬಟ್ಟೆ ಎಳೆದು, ಚಾಪೆಯೂ ಇಲ್ಲದೆ ಅಂಗಾತ ಬಿದ್ದುಕೊಂಡರೆ ಸಿಗುವ ಸುಖ ಟೈಲ್ಸಿನವರಿಗೆ ಏನು ಗೊತ್ತು? ನೆಲದ ಬಗ್ಗೆ ಇಷ್ಟೊಂದು ಹೇಳುವುದಕ್ಕೆ ಕಾರಣವಿದೆ. ನಾನು ಇಂದು ಏನಾಗಿದ್ದೇನೋ ಅದರಲ್ಲಿ ಅರ್ಧ ಪಾಲು ಈ ನೆಲದ್ದು, ಇನ್ನರ್ಧ ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ನಮ್ಮಪ್ಪನದು. ಅಪ್ಪ ಇದನ್ನು ಓದಿದರೆ ಪಾಲು ಸರಿಯಾಗಿ ಹಂಚಿಲ್ಲವೆಂದು ಜಗಳಕ್ಕೆ ಬರುತ್ತಾನೆ. ಬರಲಿ, ನಾನೂ ಅವನ ಮಗಳೇ.

ಮನೆ ದೊಡ್ಡದೇನಲ್ಲ. ಬಾಗಿಲು ದಾಟಿದರೆ ಪಡಸಾಲೆ, ಎಡಕ್ಕೆ ಅಪ್ಪನ ಖೋಲಿ, ಹಿಂದೆ ಅಡುಗೆಮನೆ, ಅದರಾಚೆ ನುಗ್ಗೆ ಗಿಡದ ಹಿತ್ತಲು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಪಕ್ಕ ನೀಲಿ ಕೋಟಿನ ಸಾಹೇಬರ ಫೋಟೋ. ಪ್ರತಿ ರವಿವಾರ ಸಂಜೆ ಅವುಗಳ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರೂ ಸಾಲಾಗಿ ಕೂತು ವಂದನೆ ಹೇಳಬೇಕು. ಅಪ್ಪ ಮುಂದೆ ಹೇಳುತ್ತಿದ್ದ, ನಾವು ಹಿಂದೆ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ತಪ್ಪಾಗಿ ಹೇಳುತ್ತಿದ್ದಳು. ತಿದ್ದಲು ಹೋದರೆ, "ಬುದ್ಧಗ ತಿಳೀತೈತಿ ಬಿಡು, ನಿನಗ ತಿಳೀಲಿಲ್ಲಂದ್ರ ಏನಾತು" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದಳು. ವಂದನೆ ಮುಗಿದ ಮೇಲೆ ಅಪ್ಪ ತಪ್ಪದೆ ಆ ಫೋಟೋ ಕಡೆ ಕೈ ತೋರಿಸಿ, ಅವರು ಬೀದಿ ದೀಪದ ಕೆಳಗೆ ಹೇಗೆ ಓದಿದರು ಎಂದು ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಓದು ಎಂದರೆ ಪೂಜೆಗಿಂತ ಒಂದು ಕೈ ಮೇಲೆ.

ಅಪ್ಪ ದೇವರ ಹಿಪ್ಪರಗಿಯ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಬಸ್ಸಿಗೆ ಓಡುವ ಮನುಷ್ಯ. ಅವನ ಪಾಲಿಗೆ ವರ್ಷದಲ್ಲಿ ಇದ್ದದ್ದು ಎರಡೇ ಕಾಲ, ಪರೀಕ್ಷೆಯ ಕಾಲ ಮತ್ತು ಪರೀಕ್ಷೆಗೆ ಮುಂಚಿನ ಕಾಲ. ನಾನು ಹತ್ತನೇತ್ತಕ್ಕೆ, ಅಂದರೆ ಹತ್ತನೇ ತರಗತಿಗೆ, ಕಾಲಿಟ್ಟ ದಿನವೇ ಟಿವಿಯ ಕೇಬಲ್ ಕಿತ್ತು ಸುತ್ತಿಟ್ಟ. ಟಿವಿಗೆ ಹಳೆಯ ಚಾದರ ಹೊದಿಸಿದ. ನೆಂಟರಿಗೆ, ಈ ವರ್ಷ ನಮ್ಮ ಮನೆಗೆ ಬರುವುದಾದರೆ ಮಾತಾಡದೆ ಬನ್ನಿ ಎಂದು ಫೋನು ಮಾಡಿ ಹೇಳಿದ. ಇದರಲ್ಲಿ ಹೆಚ್ಚು ಕಂಗಾಲಾದವಳು ನಾನಲ್ಲ, ಆಯಿ. ಸಂಜೆಯ ಧಾರಾವಾಹಿ ಅವಳಿಗೆ ಊಟದಷ್ಟೇ ಮುಖ್ಯವಾಗಿತ್ತು.

"ಪರೀಕ್ಷಾ ಆಕಿದು, ಶಿಕ್ಷಾ ನನಗ್ಯಾಕೋ ಭೀಮಾ?"

"ಯವ್ವಾ, ಒಂದ ವರ್ಷ ತಡಕೋ."

"ಒಂದ ವರ್ಷ ನಾ ಇರ್ತೇನೋ ಇಲ್ಲೋ. ಆ ಸೊಸಿ ಅತ್ತಿ ಮನಿ ಬಿಟ್ಟು ಹೋದ್ಳೋ ಇಲ್ಲೋ ಅಂತ ನನಗ ಯಾರ್ ಹೇಳವ್ರು?"

ಪಕ್ಕದ ಮನೆಯಾಕೆ ಹಿತ್ತಲ ಗೋಡೆಯ ಮೇಲಿಂದ ದಿನದ ಕಥೆ ಹೇಳುವ ವ್ಯವಸ್ಥೆ ಆಯಿತು. ಆಯಿ ಅದನ್ನು ಊಟದ ಹೊತ್ತಿಗೆ ನಮಗೆ ಹೇಳುತ್ತಿದ್ದಳು, ತನಗೆ ಬೇಕಾದಂತೆ ತಿದ್ದಿ. ಅವಳ ಕಥೆಯಲ್ಲಿ ಸೊಸೆ ಯಾವಾಗಲೂ ಅತ್ತೆಯ ಕಾಲು ಹಿಡಿಯುತ್ತಿದ್ದಳು. ಅವ್ವ ಒಲೆಯ ಮುಂದೆ ಕೂತು ನಗುತ್ತಿದ್ದಳು.

ಇಂಥ ಮನೆಗೆ ನಾನು ರೋಬೋಟ್ ತಂದೆ. ನಮ್ಮ ಸರಕಾರಿ ಹೈಸ್ಕೂಲಿಗೆ ಒಂದು ಲ್ಯಾಬ್ ಬಂದಿತ್ತು. ಡಬ್ಬಿಗಳ ತುಂಬ ವೈರು, ಮೋಟಾರು, ಗಾಲಿ, ಬೆರಳುಗುರಿನಷ್ಟು ಸಣ್ಣ ದೀಪಗಳು. ಸಾಮಾನು ಕಳೆದುಹೋದರೆ ಯಾರು ಜವಾಬ್ದಾರಿ ಎಂಬ ಹೆದರಿಕೆಯಲ್ಲಿ ಅದು ಬಹಳ ದಿನ ಬೀಗದೊಳಗೇ ಇತ್ತು. ವಿಜ್ಞಾನದ ಬಿರಾದಾರ ಟೀಚರ್ ಬಂದ ಮೇಲೆ ಬೀಗ ತೆಗೆಸಿದರು. "ಕಳದ್ರ ನಾ ಕೊಡ್ತೇನಿ, ಕೂತು ತುಕ್ಕ ಹಿಡದ್ರ ಯಾರ್ ಕೊಡ್ತೀರಿ?" ಎಂದು ಹೆಡ್ಮಾಸ್ತರರನ್ನೇ ಕೇಳಿದ ಹೆಣ್ಣುಮಗಳು. ನಾನೂ ನನ್ನ ಗೆಳತಿ ರೇಣುಕಾಳೂ ಆ ಲ್ಯಾಬಿಗೆ ಬಿದ್ದೆವು. ರೇಣುಕಾಳ ಅಪ್ಪ ಕುರಿ ಸಾಕುವವರು. ಅವಳು ಬಾಯಿ ಬಿಟ್ಟರೆ ಊರಿಗೆ ಹಬ್ಬ, ಅಷ್ಟು ಮೌನಿ. ಆದರೆ ಕೈ ಬಂಗಾರ. ನನ್ನ ಬಾಯಿ, ಅವಳ ಕೈ, ಎರಡೂ ಸೇರಿ ಒಂದು ಬಂಡಿ ಆಯಿತು.

ಬಂಡಿಯ ಕೆಲಸ ಇಷ್ಟೆ. ಬಿಳಿಯ ಫ್ಲೆಕ್ಸಿನ ಮೇಲೆ ಕಪ್ಪು ಟೇಪಿನ ಗೆರೆ ಎಳೆದಿರುತ್ತಾರೆ. ಬಂಡಿ ಯಾರೂ ಮುಟ್ಟದೆ ಆ ಗೆರೆಯ ಮೇಲೇ ತಿರುವಿ ಮುರುವಿ ಓಡಿ, ಬೆನ್ನ ಮೇಲಿನ ಮರದ ತುಂಡನ್ನು ಕೊನೆಯ ಪೆಟ್ಟಿಗೆಯಲ್ಲಿ ಹಾಕಬೇಕು. ಹೊಟ್ಟೆಯ ಕೆಳಗೆ ಸಾಲಾಗಿ ಸಣ್ಣ ಕಣ್ಣುಗಳು, ಅವಕ್ಕೆ ಸೆನ್ಸರ್ ಎನ್ನುತ್ತಾರೆ. ಕಪ್ಪು ಕಂಡರೆ ಗೆರೆ, ಬಿಳಿ ಕಂಡರೆ ನೆಲ ಎಂದು ಲ್ಯಾಪ್‌ಟಾಪಿನಲ್ಲಿ ಬರೆದು ಬಂಡಿಗೆ ಕಲಿಸಿದ್ದೆವು. ವಿಜಯಪುರದಲ್ಲಿ ಜಿಲ್ಲೆಯ ಶಾಲೆಗಳ ಸ್ಪರ್ಧೆ ಇತ್ತು. ನಮ್ಮ ಶಾಲೆಯಿಂದ ನಾವೇ ಹೋಗುವುದೆಂದು ಟೀಚರ್ ಹೇಳಿದ ದಿನ ನಾನು ಮನೆಗೆ ನಡೆದು ಬರಲಿಲ್ಲ, ಹಾರಿ ಬಂದೆ.

ಆ ಹಾರಾಟ ಬಹಳ ದಿನ ನಡೆಯಲಿಲ್ಲ. ಹತ್ತನೇತ್ತದವರಿಗೆ ವಿಶೇಷ ತರಗತಿಗಳು ಶುರುವಾದವು, ಕೋಣೆ ಸಾಲದೆ ಲ್ಯಾಬಿನಲ್ಲೂ ಬೆಂಚು ಹಾಕಿದರು. ಟೀಚರ್ ಬಂಡಿಯನ್ನೂ ಶಾಲೆಯ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿ ನನ್ನ ಕೈಗೇ ಕೊಟ್ಟರು. ಆ ಚೀಲವನ್ನು ಪಡಸಾಲೆಯಲ್ಲಿಟ್ಟು ನಾನು ಊಟಕ್ಕೆ ಕೂತೆ. ಪುಂಡಿಪಲ್ಯೆ, ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಅಪ್ಪ ಒಳ್ಳೆಯ ಮನಸ್ಸಿನಲ್ಲಿದ್ದಾನೆ ಎಂದುಕೊಂಡೆ.

"ಟೀಚರ್ ಹೇಳ್ಯಾರ ಅಪ್ಪಾ, ಬಂಡಿ ಮನ್ಯಾಗ ಓಡಿಸಿ ನೋಡ್ರಿ ಅಂತ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಸ್ಪರ್ಧಾ ಯಾವತ್ತು?"

"ಮುಂದಿನ ತಿಂಗಳು ಮೊದಲ ರವಿವಾರ."

"ಮರುದಿನ ಸೋಮವಾರ ಏನೈತಿ?"

ಅವನಿಗೆ ಗೊತ್ತಿತ್ತು. ನನ್ನ ಬಾಯಿಂದ ಹೇಳಿಸಬೇಕಿತ್ತು.

"ಪ್ರಿಪರೇಟರಿ. ಗಣಿತ."

"ಎರಡು ದೋಣ್ಯಾಗ ಕಾಲ ಇಟ್ಟಾಕಿ ದಂಡಿ ಮುಟ್ಟಂಗಿಲ್ಲ ತಂಗಿ. ನಡು ಹೊಳ್ಯಾಗ ಬೀಳ್ತಿ. ಬಂಡಿ ನಾಳೆ ಸಾಲಿಗೆ ಹೋಗ್ಲಿ. ಪರೀಕ್ಷಾ ಮುಗೀಲಿ, ಆಮ್ಯಾಲ ವಿಮಾನ ಬೇಕಾದ್ರ ಮಾಡು."

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಊಟದ ಹೊತ್ತಿನಲ್ಲಿ ಮಾತಾಡುವುದು ಕಡಿಮೆ.

"ನಾ ರೊಟ್ಟಿ ಎರಡೂ ಕೈಲೆ ಬಡೀತೇನಿ. ಒಂದ ಕೈಲೆ ಬಡದ ಕೊಟ್ರ ನೀವು ಉಣ್ತೀರೇನ್ರಿ?"

ಅವ್ವನ ಮಾತಿನಿಂದ ನನಗೆ ಧೈರ್ಯ ಬಂತು, ಧೈರ್ಯದ ಹಿಂದೆಯೇ ಸಿಟ್ಟೂ ಬಂತು. ತಾಟು ಸರಿಸಿ ಎದ್ದು ನಿಂತೆ. "ಪರೀಕ್ಷಾ ಬರಿಯಾಕಿ ನಾನು. ನೀ ಯಾಕ ಇಷ್ಟ ಅಂಜತಿ?" ಎಂದು ಒದರಿದೆ. ಅಪ್ಪನಿಗೆ ಹಾಗೆ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ಏಟು ಬೀಳಬಹುದೆಂದು ಕಾಯುತ್ತಿದ್ದೆ. ಆದರೆ ಆಯಿ ನಡುವೆ ಬಾಯಿ ಹಾಕಿದಳು.

"ಅಂವ ಅಂಜೂದು ನಿನ್ನ ಸಲುವಾಗಿ ಅಲ್ಲ ಸುಜಾತಾ. ತಾ ಬಿದ್ದದ್ದು ನೆನಪಾಗಿ ಅಂಜತಾನ. ಹೇಳೋ ಭೀಮಾ, ನೀ ಹತ್ತನೇತ್ತದಾಗ ಏನ ಮಾಡಿದ್ದಿ?"

ಉತ್ತರಕ್ಕೆ ಕಾಯದೆ ಆಯಿಯೇ ಹೇಳಿದಳು. ಅಪ್ಪ ಆ ಕಾಲದಲ್ಲಿ ಕಬಡ್ಡಿ ಆಡುತ್ತಿದ್ದನಂತೆ. ಹತ್ತನೇತ್ತದ ಪರೀಕ್ಷೆ ನಡೆದಿರುವಾಗಲೇ, ನಡುವೆ ಬಿಡುವಿದೆ ಎಂದು ಇಂಡಿಗೆ ಆಟಕ್ಕೆ ಹೋದ. ಆಟ ಗೆದ್ದರು. ಮರಳಿ ಬರುವ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ಇವನು ಶಾಲೆ ಮುಟ್ಟುವ ಹೊತ್ತಿಗೆ ಇಂಗ್ಲಿಷ್ ಪೇಪರು ಮುಗಿದು ಮಕ್ಕಳು ಹೊರಗೆ ಬರುತ್ತಿದ್ದರು. ಒಂದು ವರ್ಷ ಹೋಯಿತು. ಆ ವರ್ಷವೆಲ್ಲ ಮಂದಿಯ ಹೊಲದಲ್ಲಿ ತೊಗರಿ ಕೊಯ್ದ, ಓರಗೆಯವರು ಕಾಲೇಜಿಗೆ ಹೋಗುವ ಬಸ್ಸು ಬಂದರೆ ಬೆಳೆಯೊಳಗೆ ಕೂತುಬಿಡುತ್ತಿದ್ದ. ಆಯಿ ಇದನ್ನು ನಗುತ್ತಾ ಶುರು ಮಾಡಿದವಳು ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಪ್ಪನ ಮೇಲೆ ಹೇಳಲಾಗದಷ್ಟು ಪ್ರೀತಿ ಬಂತು, ಆದರೂ ಬಂಡಿ ಬಿಡುವ ಮನಸ್ಸು ಬರಲಿಲ್ಲ.

ಅಪ್ಪ ಕೈ ತೊಳೆದು ಬಂದು ಪಡಸಾಲೆಯ ನಡುವೆ ನಿಂತ.

"ಆಯ್ತು, ಹೋಗು. ಆದ್ರ ಒಂದ ಕರಾರು. ಪ್ರಿಪರೇಟರಿಯೊಳಗ ಗಣಿತ ಅರ್ಧವಾರ್ಷಿಕಕ್ಕಿಂತ ಕಡಿಮಿ ಬರಬಾರ್ದು. ಬಂತಂದ್ರ, ಮುಂದ ಕಾಲೇಜಿನ್ಯಾಗ ನೀ ಏನ ಓದಬೇಕು ಅನ್ನೂದು ನಾ ಹೇಳ್ತೇನಿ."

"ಕಡಿಮಿ ಬರಲಿಲ್ಲಂದ್ರ?"

"ನೀ ಹೇಳು. ನಾ ಬಾಯಿ ತಗಿಯಂಗಿಲ್ಲ."

"ಆಯೀ, ಕೇಳಿದಿಲ್ಲ?"

"ಕಿವಿ ನೆಟ್ಟಗದಾವು ನನ್ನು."

ಇದು ಸಣ್ಣ ಕರಾರಲ್ಲ. ನನ್ನ ದಾರಿಯನ್ನು ಅಪ್ಪ ಮೊದಲೇ ಬರೆದಿಟ್ಟಿದ್ದ. ಕಲಾ ವಿಭಾಗ, ಅದರ ಮೇಲೆ ಶಿಕ್ಷಕಿಯ ತರಬೇತಿ, ಹತ್ತಿರದ ಊರಲ್ಲಿ ನೌಕರಿ. ವಿಜ್ಞಾನ ತೆಗೆದುಕೊಂಡು ಅರ್ಧಕ್ಕೆ ಬಿಟ್ಟು ಬಂದವರನ್ನು ಅವನು ಬಹಳ ನೋಡಿದ್ದ, ಮತ್ತೆ ಯಾರ ವರ್ಷವೂ ಹಾಳಾಗುವುದು ಅವನಿಗೆ ಬೇಡವಾಗಿತ್ತು. ನನಗೆ ವಿಜ್ಞಾನ ಬಿಟ್ಟು ಬೇರೇನೂ ಬೇಡವಾಗಿತ್ತು. ಹೀಗೆ ಬಂಡಿಯ ಜೊತೆ ನನ್ನ ಮುಂದಿನ ಬದುಕೂ ಆ ಪಡಸಾಲೆಯ ನೆಲಕ್ಕೆ ಇಳಿಯಿತು.

ಮರುದಿನವೇ ಮೊದಲ ತೊಡಕು ಬಂತು. ನೆಲ ಕಪ್ಪು, ಗೆರೆಯೂ ಕಪ್ಪು. ಬಿಳಿ ಫ್ಲೆಕ್ಸ್ ತಂದು ಹಾಸೋಣವೆಂದರೆ ಪಡಸಾಲೆಯಲ್ಲಿ ಬದುಕುವ ಜನ ಕಾಲೆಲ್ಲಿ ಇಡಬೇಕು? ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಬಂದಿದ್ದ ರೇಣುಕಾ ಸುಮ್ಮನೆ ಲ್ಯಾಪ್‌ಟಾಪ್ ತೆಗೆದು, ಕಪ್ಪು ಇದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕಪ್ಪು ಎಂದು ತಿರುಗಿಸಿ ಬರೆದಳು. ಇನ್ನು ಬಿಳಿ ಗೆರೆ ಎಳೆದರಾಯಿತು. ಸ್ಪರ್ಧೆಗೆ ಹೋಗುವ ಮುಂಚೆ ಮರೆಯದೆ ಮೊದಲಿನಂತೆ ಮಾಡೋಣ ಎಂದು ಇಬ್ಬರೂ ಅಂದುಕೊಂಡೆವು. ಅವ್ವನ ರಂಗೋಲಿಯ ಕೈ ಓಣಿಗೇ ಹೆಸರಾಗಿತ್ತು. ಮೊದಲು ರಂಗೋಲಿ ಪುಡಿಯಲ್ಲೇ ಎಳೆದಳು, ಗಾಲಿ ತಾಗಿ ಪುಡಿ ಹಾರಿತು. ಆಮೇಲೆ ಸುಣ್ಣಕ್ಕೆ ಅಂಟು ಕಲಸಿ, ಬಟ್ಟೆಯ ಉಂಡೆ ಅದ್ದಿ, ಕೈ ಎತ್ತದೆ ಎಳೆದಳು. ಪಡಸಾಲೆಯ ಬಾಗಿಲಿಂದ ಹೊರಟು, ಟಿವಿಯ ಮುಂದೆ ಹೊರಳಿ, ಅಡುಗೆಮನೆಯ ಹೊಸ್ತಿಲ ತನಕ ಹೋಗಿ, ಆಯಿಯ ಹಾಸಿಗೆ ಸುತ್ತಿ, ಮತ್ತೆ ಬಾಗಿಲಿಗೆ.

ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ನಡೆಯಲಿಲ್ಲ. ರಂಗೋಲಿ ತುಳಿಯಬಾರದು ಎಂದು ಆಯಿ ಆಜ್ಞೆ ಹೊರಡಿಸಿದಳು, ಸುಣ್ಣದ ಗೆರೆಯಾದರೂ ಅವಳ ಪಾಲಿಗೆ ಅದು ರಂಗೋಲಿಯೇ. ಅಪ್ಪ ಬುತ್ತಿಚೀಲ ಹಿಡಿದು ಗೆರೆ ಜಿಗಿದು ಬಸ್ಸಿಗೆ ಓಡುತ್ತಿದ್ದ. ಗ್ಯಾಸಿನ ಸಿಲಿಂಡರ್ ಹೊತ್ತು ತಂದವನಿಗೆ ಆಯಿ ಹಾಸಿಗೆಯಿಂದಲೇ, "ಏ ತಮ್ಮಾ, ಕಾಲ ಎತ್ತಿಡು, ಅಲ್ಲಿ ನಮ್ಮ ಹುಡಿಗಿ ಬಂಡಿ ಬರತೈತಿ" ಎಂದು ಕೂಗುತ್ತಿದ್ದಳು. ಪಾಪ, ಅವನು ಸಿಲಿಂಡರ್ ಹೊತ್ತುಕೊಂಡೇ ಕುಂಟಾಬಿಲ್ಲೆ ಆಡಿದ.

ಪರ್ಸಿ ಕಲ್ಲುಗಳ ನಡುವಿನ ಸಂದಿಗೆ ಬಿಳಿ ಸಿಮೆಂಟು ತುಂಬಿದ್ದರಿಂದ ಇನ್ನೊಂದು ಪಜೀತಿ ಆಯಿತು. ಬಂಡಿ ಓಡುತ್ತಾ ಓಡುತ್ತಾ ಸಂದಿ ಕಂಡ ಕೂಡಲೇ ಇದೂ ಗೆರೆಯೇ ಎಂದು ಅಡ್ಡ ಹೊರಳಿ ಗೋಡೆಗೆ ಮುಖ ಗುದ್ದುತ್ತಿತ್ತು. "ಸಂತಿಗೆ ಹೋದ ಗಂಡಸರ ಹಾಂಗ, ಓಣಿ ಕಂಡಲ್ಲಿ ಹೊಳ್ಳತೈತಿ" ಎಂದು ಆಯಿ ನಕ್ಕಳು. ನಾವು ತಲೆ ಕೆರೆದು ಕೆರೆದು ಕೊನೆಗೆ ಒಂದು ದಾರಿ ಕಂಡುಕೊಂಡೆವು. ಎಲ್ಲ ಕಣ್ಣುಗಳಿಗೂ ಒಟ್ಟಿಗೇ ಏನಾದರೂ ಕಂಡು, ರೆಪ್ಪೆ ಬಡಿಯುವಷ್ಟರಲ್ಲಿ ಮಾಯವಾದರೆ ಅದು ಗೆರೆಯಲ್ಲ, ಸಂದಿ. ತಲೆ ಕೆಡಿಸಿಕೊಳ್ಳದೆ ನೆಟ್ಟಗೆ ಹೋಗು ಎಂದು ಬರೆದೆವು. ಬಂಡಿ ಸಂದಿ ದಾಟಿ ಅಡುಗೆಮನೆಯ ಹೊಸ್ತಿಲು ಮುಟ್ಟಿದಾಗ ಅವ್ವ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು.

ಇನ್ನು ಓದು. ಅಪ್ಪ ಶಾಲೆಯಿಂದ ಬಂದು ಚಹಾ ಕುಡಿದು, ಬಿಳಿ ಗೆರೆಯ ಸುತ್ತಿನ ನಟ್ಟನಡುವೆ ಕುರ್ಚಿ ಹಾಕಿ ಕೂರುತ್ತಿದ್ದ. ಕೈಯಲ್ಲಿ ಗಣಿತದ ಪುಸ್ತಕ. ನಾವಿಬ್ಬರೂ ಅವನ ಎದುರು ನೆಲದ ಮೇಲೆ. ಬಂಡಿ ಸ್ವಲ್ಪ ಓಡಿದರೆ ಬ್ಯಾಟರಿ ಮುಗಿಯುತ್ತಿತ್ತು, ತುಂಬಲು ಬಹಳ ಹೊತ್ತು ಬೇಕಿತ್ತು. ಅಪ್ಪ ಅದನ್ನು ಹಿಡಿದುಕೊಂಡ.

"ಬಂಡಿ ಉಣ್ಣಾಕತ್ತೈತಿ. ಅದರ ಊಟ ಮುಗಿಯೂತನಾ ನೀವು ಲೆಕ್ಕ ಮಾಡ್ರಿ."

ಹಾಗೆ ಬಂಡಿ ಉಣ್ಣುವಾಗ ತ್ರಿಭುಜ, ಬಂಡಿ ಓಡುವಾಗ ಬಿಡುವು. ಪ್ರಮೇಯ ತಪ್ಪಿದರೆ ಬಂಡಿಯ ಓಟ ರದ್ದು. ಓಡಿಸುವ ಆಸೆಗೆ ನಾನು ಬಾಯಿಪಾಠ ಬಿಟ್ಟು ನಿಜವಾಗಿ ಲೆಕ್ಕ ಕಲಿತೆ. ಬಂಡಿ ತಿರುವಿನಲ್ಲಿ ಎಷ್ಟು ಹೊರಳಬೇಕು ಎಂದು ತಿಳಿಯಲು ಕೋನ ಬೇಕಿತ್ತು, ಪುಸ್ತಕದಲ್ಲಿ ಸತ್ತು ಬಿದ್ದಿದ್ದ ಕೋನಕ್ಕೆ ನಮ್ಮ ಪಡಸಾಲೆಯಲ್ಲಿ ಜೀವ ಬಂತು. ಒಂದು ಸಂಜೆ ಅಪ್ಪ ಪುಸ್ತಕ ಮಡಿಸಿ, "ಇದು ಹೆಂಗ ಹೊಳ್ಳತೈತಿ, ನನಗೂ ಹೇಳ್ರೆವಾ" ಎಂದ. ಮಾತೇ ಆಡದ ರೇಣುಕಾ ಅಂದು ಅಪ್ಪನಿಗೆ ಪಾಠ ಮಾಡಿದಳು. ನಾನು ಬೆಕ್ಕಸ ಬೆರಗಾಗಿ ನೋಡಿದೆ.

ಸ್ಪರ್ಧೆಯ ರವಿವಾರ ಬಂತು. "ನಾ ಬರಂಗಿಲ್ಲ, ಟೀಚರ್ ಅದಾರಲ್ಲ" ಎಂದಿದ್ದ ಅಪ್ಪ, ನಾವು ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಇಸ್ತ್ರಿ ಅಂಗಿ ತೊಟ್ಟು ಅಲ್ಲಿ ನಿಂತಿದ್ದ. ವಿಜಯಪುರದಲ್ಲಿ ಏನೋ ಕೆಲಸವಿದೆಯಂತೆ. ಕಂಕುಳಲ್ಲಿ ಗಣಿತದ ಪುಸ್ತಕ ಇಟ್ಟುಕೊಂಡು ಮಾಡುವ ಕೆಲಸ ಯಾವುದೋ ನಾನು ಕೇಳಲಿಲ್ಲ.

ಸ್ಪರ್ಧೆ ಒಂದು ದೊಡ್ಡ ಒಳಾಂಗಣದಲ್ಲಿತ್ತು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆಯ ಶಾಲೆಗಳು ಬಂದಿದ್ದವು. ಟೈ ಕಟ್ಟಿದವರು, ಬೂಟು ಹಾಕಿದವರು, ತಮ್ಮ ಬಂಡಿಗೆ ಬಣ್ಣ ಹೊಡೆದು ಹೆಸರಿಟ್ಟವರು. ಪ್ರತಿಯೊಬ್ಬರಿಗೂ ಎರಡು ಸಲ ಓಡಿಸಲು ಅವಕಾಶ, ಒಳ್ಳೆಯ ಓಟ ಲೆಕ್ಕಕ್ಕೆ. ನಮ್ಮ ಹೆಸರು ಕರೆದರು. ರೇಣುಕಾ ಬಂಡಿಯನ್ನು ಫ್ಲೆಕ್ಸಿನ ಮೇಲಿಟ್ಟಳು, ನಾನು ಗುಂಡಿ ಒತ್ತಿದೆ.

ಬಂಡಿಗೆ ಹುಚ್ಚು ಹಿಡಿಯಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಕುಡಿದವನಂತೆ ತೂರಾಡಿ ಗೆರೆಯನ್ನು ಮೂಸಿಯೂ ನೋಡದೆ ಫ್ಲೆಕ್ಸ್ ಬಿಟ್ಟು ಹೊರಗೇ ಹೋಯಿತು. ಜನ ನಗತೊಡಗಿದರು. ಮೈಕು ಹಿಡಿದವರು, "ಸಿಂದಗಿ ಬಂಡಿ ವಾಪಸ್ ಸಿಂದಗಿಗೆ ಹೊಂಟತಿ ನೋಡ್ರಿ!" ಎಂದರು. ನನ್ನ ಮುಖಕ್ಕೆ ಕಾದ ಹಂಚು ಇಟ್ಟಂತಾಯಿತು. ಭೂಮಿ ಬಾಯಿ ಬಿಟ್ಟರೆ ಹೋಗಿಬಿಡುತ್ತಿದ್ದೆ. ಅಪ್ಪನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ತನ್ನ ಕಾಲು ನೋಡುತ್ತಿದ್ದ. ಇಂಡಿಯ ಕಬಡ್ಡಿ, ಕೆಟ್ಟು ನಿಂತ ಲಾರಿ, ಎಲ್ಲ ಅವನ ಕಣ್ಣ ಮುಂದೆ ಬಂದಿರಬೇಕು.

ಅಷ್ಟರಲ್ಲಿ ನಗು ಇನ್ನೂ ಜೋರಾಯಿತು. ತಿರುಗಿ ನೋಡಿದರೆ ಬಂಡಿ ಕೆಟ್ಟಿರಲಿಲ್ಲ, ಓಡುತ್ತಿತ್ತು! ಆ ಒಳಾಂಗಣದ ನೆಲವೂ ಪರ್ಸಿ ಕಲ್ಲಿನದೇ, ಅದರ ಮೇಲೆ ಷಟಲ್ ಆಡಲು ಬಿಳಿ ಬಣ್ಣದ ಗೆರೆ ಎಳೆದಿದ್ದರು. ನಮ್ಮ ಬಂಡಿ ಆ ಗೆರೆ ಹಿಡಿದು, ಮೂಲೆಯಲ್ಲಿ ಒಂದು ಕೂದಲೆಳೆಯೂ ತಪ್ಪದೆ ಹೊರಳಿ, ಬೆನ್ನ ಮೇಲೆ ಮರದ ತುಂಡು ಹೊತ್ತುಕೊಂಡು ಷಟಲ್ ಅಂಗಳದ ಸುತ್ತ ರಾಜಗಾಂಭೀರ್ಯದಿಂದ ಹೊರಟಿತ್ತು. ನಾನು ಕಿರುಚಿಬಿಟ್ಟೆ.

"ರೇಣೀ, ಅದು ನಮ್ಮ ಪಡಸಾಲ್ಯಾಗ ಓಡಾಕತ್ತೈತಿ!"

ರೇಣುಕಾ ಹಣೆ ಬಡಿದುಕೊಂಡಳು. ಕಪ್ಪು ಬಿಳಿ ತಿರುಗಿಸಿದ್ದನ್ನು ನಾವು ಮರಳಿ ತಿರುಗಿಸಿರಲೇ ಇಲ್ಲ. ಅಷ್ಟು ದಿನ ಆ ಕಪ್ಪು ನೆಲದ ಮೇಲೇ ಉಂಡು, ಮಲಗಿ, ಓದಿ, ಜಗತ್ತಿನ ನೆಲವೆಲ್ಲ ಕಪ್ಪೇ ಎಂದು ಬಂಡಿಯಂತೆ ನಾವೂ ನಂಬಿದ್ದೆವು. ಪರ್ಸಿ ಮನೆಯವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಬಿರಾದಾರ ಟೀಚರ್ ಬೆವರು ಒರೆಸುತ್ತಾ ಬಂದರು.

"ಏನಾತ್ರೆವಾ? ಸುಟ್ಟಿತೇನು?"

"ಏನೂ ಆಗಿಲ್ರಿ ಟೀಚರ್. ಅದಕ್ಕ ನಾವ ತಪ್ಪು ಕಲಿಸೇವಿ. ಈಗ ತಿದ್ದತೇವಿ."

ಲ್ಯಾಪ್‌ಟಾಪ್ ತೆಗೆದು ನಾನು ಓದಿದೆ, ರೇಣುಕಾ ತಿದ್ದಿದಳು. ನಾಲ್ಕಾರು ಪದಗಳ ಕೆಲಸ. ತಲೆ ತಣ್ಣಗಿತ್ತು. ಎರಡನೇ ಸರದಿ ಬಂದಾಗ ಮೈಕಿನವರು, "ಈ ಸಲ ಎಲ್ಲಿಗೆ ಹೋಗೂದೈತ್ರೆವಾ?" ಎಂದು ಕಿಚಾಯಿಸಿದರು. "ಪೆಟಿಗಿಗೆ ಹೋಗತೈತ್ರಿ, ನೋಡ್ಕೋತ ನಿಂದರ್ರಿ" ಎಂದೆ. ನನ್ನ ಬಾಯಿ, ಎಲ್ಲಿ ಸುಮ್ಮನಿರುತ್ತದೆ?

ಗುಂಡಿ ಒತ್ತಿದೆ. ಬಂಡಿ ಕಪ್ಪು ಗೆರೆಯನ್ನು ಕಚ್ಚಿ ಹಿಡಿಯಿತು. ಫ್ಲೆಕ್ಸಿನ ನಡುವೆ ಎರಡು ತುಂಡು ಸೇರಿಸಿ ಜೋಡಿಸಿದ ಕಡೆ ಅಡ್ಡಕ್ಕೆ ಒಂದು ಸಣ್ಣ ಬಿರುಕು ಕಪ್ಪಗೆ ಕಾಣುತ್ತಿತ್ತು. ಅಲ್ಲಿಯವರೆಗೆ ಬಂದ ಎಷ್ಟೋ ಬಂಡಿಗಳು ಅಲ್ಲೇ ಗಲಿಬಿಲಿಗೊಂಡು ನಿಂತಿದ್ದವು, ಇಲ್ಲವೇ ಅಡ್ಡ ಹೊರಳಿದ್ದವು. ನಮ್ಮ ಬಂಡಿಗೆ ಸಂದಿ ಹೊಸದೇ? ಅಂಥವನ್ನು ಅದು ದಿನಾ ದಾಟಿ ಅಡುಗೆಮನೆಗೆ ಹೋಗಿ ಬಂದಿತ್ತು. ಒಂದಿಷ್ಟೂ ಅಳುಕದೆ ದಾಟಿತು, ಕೊನೆಯ ತಿರುವು ಹೊರಳಿತು, ಮರದ ತುಂಡನ್ನು ಪೆಟ್ಟಿಗೆಯೊಳಗೆ ಕೆಡವಿತು. ಒಳಾಂಗಣವೇ ಗದ್ದಲ. ಆ ಗದ್ದಲವನ್ನೂ ಸೀಳಿಕೊಂಡು ಒಂದು ಸಿಳ್ಳೆ ಕೇಳಿತು. ನೋಡಿದರೆ ಅಪ್ಪ! ಕುರ್ಚಿಯ ಮೇಲೆ ಹತ್ತಿ ನಿಂತು, ಎರಡು ಬೆರಳು ಬಾಯಿಗಿಟ್ಟು ಕಬಡ್ಡಿ ಅಂಗಳದ ಸಿಳ್ಳೆ ಹಾಕುತ್ತಿದ್ದ. ನಮ್ಮಪ್ಪನಿಗೆ ಸಿಳ್ಳೆ ಬರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು. ಗಣಿತದ ಪುಸ್ತಕ ಎಲ್ಲೋ ಕೆಳಗೆ ಬಿದ್ದಿತ್ತು.

ಜಿಲ್ಲೆಗೆ ನಾವೇ ಮೊದಲು ಬಂದೆವು. ಮರಳುವ ಬಸ್ಸಿನಲ್ಲಿ ಬಹುಮಾನದ ಡಾಲು ರೇಣುಕಾಳ ತೊಡೆಯ ಮೇಲೆ, ಬಂಡಿ ನನ್ನ ತೊಡೆಯ ಮೇಲೆ, ಬಂಡಿಯ ಮೇಲೆ ಗಣಿತದ ಪುಸ್ತಕ. ಅಪ್ಪ ಮುಂದಿನ ಸೀಟಿನಿಂದ ತಿರುಗಿ ಪ್ರಶ್ನೆ ಕೇಳುತ್ತಿದ್ದ, ನಾವು ಉತ್ತರ ಹೇಳುತ್ತಿದ್ದೆವು. ಬಸ್ಸಿನವರೆಲ್ಲ ಕೇಳುತ್ತಿದ್ದರು. ದೇವರ ಹಿಪ್ಪರಗಿಯ ಸಂತೆ ಮುಗಿಸಿ ಹತ್ತಿದ ಮುದುಕರೊಬ್ಬರು ಬಂಡಿಯನ್ನು ಬಗ್ಗಿ ನೋಡಿದರು.

"ಇದು ಏನ ಮಾಡತೈತೆವಾ?"

"ಗೆರಿ ಮ್ಯಾಲ ಓಡತೈತ್ರಿ ಅಜ್ಜಾರ."

"ಅಷ್ಟ ಏನು? ನಮ್ಮ ಎತ್ತು ಗೆರಿನೂ ಹೊಡೀತಾವು, ಅದರ ಮ್ಯಾಲ ಓಡತಾವು."

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಈಗ ನಾನು ಬಿತ್ತುವ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿದ್ದೇನೆ, ಹೊಸ ಯಂತ್ರ ಹೊಲಕ್ಕಿಳಿದಾಗಲೆಲ್ಲ ಅಜ್ಜನ ಆ ಮಾತು ನೆನೆದು ಎರಡು ಸಲ ಪರೀಕ್ಷಿಸುತ್ತೇನೆ.

ಸೋಮವಾರ ಬೆಳಿಗ್ಗೆ ಗಣಿತದ ಪೇಪರು ಕೈಗೆ ಬಂತು. ಮೊದಲ ಪ್ರಶ್ನೆಯಿಂದಲೇ ಪರಿಚಯದವರು ಸಿಕ್ಕಂತಾಯಿತು. ವೃತ್ತ, ಸ್ಪರ್ಶಕ, ಕೋನ, ಎಲ್ಲ ನಮ್ಮ ಪಡಸಾಲೆಯಲ್ಲಿ ಓಡಾಡಿದವೇ. ಗಂಟೆ ಹೊಡೆಯುವ ಮುಂಚೆಯೇ ಮುಗಿಸಿ ರೇಣುಕಾಳ ಕಡೆ ನೋಡಿದೆ, ಅವಳು ನನಗಿಂತ ಮುಂಚೆ ಮುಗಿಸಿ ಕಿಟಕಿ ನೋಡುತ್ತಿದ್ದಳು. ವಾರ ಕಳೆದು ತಿದ್ದಿದ ಪೇಪರು ಕೊಟ್ಟರು. ಮನೆಗೆ ತಂದು ಅಪ್ಪನ ಮುಂದಿಟ್ಟೆ. ಅಂಕ ಅರ್ಧವಾರ್ಷಿಕಕ್ಕಿಂತ ಕಡಿಮೆ ಇರಲಿಲ್ಲ, ಸಾಕಷ್ಟು ಮೇಲಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಉತ್ತರದ ಅಂಕ ತಾನೇ ಕೂಡಿಸಿ ನೋಡಿದ. ಮಾಸ್ತರ ಬುದ್ಧಿ ಎಲ್ಲಿ ಹೋಗುತ್ತದೆ? ಆಮೇಲೆ ಪೇಪರು ಮಡಿಸಿ ಹೇಳಿದ.

"ಯವ್ವಾ, ನಾ ಸೋತೇನಿ."

"ಸೋತ ಮಾರಿ ಹಿಂಗ ಇರತೈತೇನೋ?" ಎಂದಳು ಆಯಿ. ನಿಜ, ಅಪ್ಪನ ಮುಖ ನೋಡಿದವರು ಅವನಿಗೇ ಡಾಲು ಬಂದಿದೆ ಎನ್ನಬೇಕು.

ಮುಖ್ಯ ಪರೀಕ್ಷೆಯಲ್ಲೂ ನಾವಿಬ್ಬರೂ ಶಾಲೆಗೆ ಮೊದಲಿನವರಾದೆವು. ನನ್ನ ಬಳಿ ಈ ವಿಷಯದಲ್ಲಿ ವಿನಯ ಕೇಳಬೇಡಿ, ಇಲ್ಲ. ರೇಣುಕಾಳ ಅಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಮಗಳ ಕೈ ಹಿಡಿದು ಡಿಪ್ಲೊಮಾಕ್ಕೆ ಸೇರಿಸಲು ಹೋದರು. ಅಪ್ಪನೂ ನಾನೂ ವಿಜಯಪುರದ ಕಾಲೇಜಿಗೆ ಹೋದೆವು. ದಾರಿಯುದ್ದಕ್ಕೂ ಅವನು ಕರಾರಿನ ಮಾತೆತ್ತಲಿಲ್ಲ. ಮರೆತಿದ್ದಾನೋ, ಮರೆತಂತೆ ಮಾಡುತ್ತಿದ್ದಾನೋ ಎಂದು ಅವನ ಮುಖವನ್ನೇ ನೋಡುತ್ತಿದ್ದೆ. ಪಡಸಾಲೆಯ ಮಾತು ಊರ ಹೊರಗೆ ಉಳಿಯುತ್ತದೆಯೇ? ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ, ಬಸ್ಸಿನ ಟಿಕೆಟ್ಟಿನಿಂದ ಹಿಡಿದು ಬಟ್ಟೆಯ ಬಣ್ಣದವರೆಗೆ, ಹೊರಗಿನವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವನು ಅಪ್ಪನೇ. ಕಿಟಕಿಯ ಮುಂದೆ ಉದ್ದನೆಯ ಸಾಲು. ತಂದೆಯರೆಲ್ಲ ಮುಂದೆ, ಮಕ್ಕಳೆಲ್ಲ ಹಿಂದೆ. ನಮ್ಮ ಸರದಿ ಬಂತು. ಒಳಗಿದ್ದ ಗುಮಾಸ್ತರು ತಲೆ ಎತ್ತದೆ ಅಪ್ಪನನ್ನು ಕೇಳಿದರು.

"ಯಾವ ವಿಭಾಗರಿ?"

ಅಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಕಿಟಕಿಯ ಮುಂದೆ ನಾನೊಬ್ಬಳೇ ಉಳಿದೆ.

"ಆಕಿನ್ನ ಕೇಳ್ರಿ."

ಗುಮಾಸ್ತರು ತಲೆ ಎತ್ತಿದರು. ನಾನು ಹೇಳಿದ್ದು ಒಂದೇ ಪದ. ಸಾಲಿನ ಕೊನೆಯವರೆಗೂ ಎಲ್ಲ ತಂದೆಯರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ.

"ವಿಜ್ಞಾನ!"